ಹೊರದೇಶದಿಂದ ಸೆಕೆಂಡ್ ಹ್ಯಾಂಡ್ ಕಾರ್ಬನ್ ಸೈಕಲ್ ತರುವುದು: ಮಂಗಳೂರು-ಉಡುಪಿಯವರಿಗೆ ಸಮಗ್ರ ಮಾರ್ಗದರ್ಶಿ

ಕಾರ್ಬನ್ ಫೈಬರ್ ಫ್ರೇಮಿನ ಸೈಕಲ್ ಹುಡುಕುವ ಮೊದಲು ಅದನ್ನು ಹೊತ್ತು ತರುವವರನ್ನು ಹುಡುಕಿ. ಹೆಚ್ಚಿನವರು ಇದನ್ನು ಉಲ್ಟಾ ಮಾಡುತ್ತಾರೆ. ರಾತ್ರಿ ಊಟ ಮುಗಿಸಿ ಫೋನ್ ಹಿಡಿದು ಕೂತು ಯಾವುದೋ ಪಿನಾರೆಲ್ಲೊ, ಯಾವುದೋ ಸರ್ವೆಲೊ ಬ್ರ್ಯಾಂಡಿನ ಸೈಕಲ್ ನೋಡಿ ಮರುಳಾಗುತ್ತಾರೆ. ಮಾರುವವನ ಹತ್ತಿರ ಚೌಕಾಶಿಯನ್ನೂ ಮುಗಿಸುತ್ತಾರೆ. ಆಮೇಲೆ ಕೇಳುತ್ತಾರೆ, "ಇದನ್ನು ಊರಿಗೆ ತರಿಸುವುದು ಹೇಗೆ ಮಾರಾಯ್ರೆ?"

ಹೊರಗೆ ಸೈಕಲ್ ಅಗ್ಗಕ್ಕೆ ಸಿಗುವುದೇನೋ ನಿಜ. ಕೊರೊನಾ ಕಾಲದಲ್ಲಿ, 2020-21ರಲ್ಲಿ, ಜಗತ್ತೆಲ್ಲ ಮುಗಿಬಿದ್ದು ಸೈಕಲ್ ಕೊಂಡಿತು. ಆಮೇಲೆ ಬೇಡಿಕೆ ಬಿತ್ತು, ಅಂಗಡಿಗಳಲ್ಲಿ ಮಾಲು ಉಳಿಯಿತು. ಹೊಸದಕ್ಕೇ ರಿಯಾಯಿತಿ ಬಂದ ಮೇಲೆ ಹಳೆಯದರ ಬೆಲೆ ಇಳಿಯದೆ ಇರುತ್ತದಾ? ಆದರೆ ಅಲ್ಲಿನ ಅಗ್ಗ ಇಲ್ಲಿಗೆ ತಲುಪುವಾಗಲೂ ಅಗ್ಗವಾಗಿ ಉಳಿಯಬೇಕು. ಅದಕ್ಕೆ ದಾರಿ ಒಂದೇ, ಪರಿಚಯದ ಮನುಷ್ಯರ ಲಗೇಜು.

ಕೊರಿಯರ್ ಯಾಕೆ ಬೇಡ

ನಮ್ಮ ವಿದೇಶ ವ್ಯಾಪಾರ ನೀತಿಯಲ್ಲಿ ಬಳಸಿದ ವಸ್ತುಗಳ ಆಮದಿಗೆ ಕಡಿವಾಣ ಉಂಟು. ಕಾರ್ಖಾನೆಯ ಯಂತ್ರಗಳಂಥವನ್ನು ಬಿಟ್ಟರೆ ಉಳಿದ ಸೆಕೆಂಡ್ ಹ್ಯಾಂಡ್ ಸಾಮಾನಿಗೆ ಡಿಜಿಎಫ್‌ಟಿ (ಕೇಂದ್ರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ) ಅನುಮತಿ ಬೇಕು. ಒಂದು ಸೈಕಲ್‌ಗೋಸ್ಕರ ಆ ಅನುಮತಿಯ ಬೆನ್ನು ಹತ್ತುವುದು ಆಗುವ ಕೆಲಸವಲ್ಲ. ಅನುಮತಿ ಇಲ್ಲದೆ ಪೆಟ್ಟಿಗೆ ಬಂತು ಎಂದರೆ ಕಸ್ಟಮ್ಸ್‌ನವರು ಅದನ್ನು ಜಪ್ತಿ ಮಾಡಬಹುದು. ಬಿಡಿಸಿಕೊಳ್ಳಲು ದಂಡ, ಅದರ ಮೇಲೆ ಪೆನಾಲ್ಟಿ, ಅದರ ಮೇಲೆ ಸುಂಕ. ಗೋದಾಮಿನಲ್ಲಿ ಕೂತಷ್ಟು ದಿನದ ಬಾಡಿಗೆ ಬೇರೆ.

ಇಬೇಯಲ್ಲಿ "ಭಾರತಕ್ಕೆ ಕಳುಹಿಸುತ್ತೇವೆ" ಎಂದು ಬರೆದಿದ್ದರೆ ನಂಬಿ ಒತ್ತಬೇಡಿ. ಕಳುಹಿಸುವವನ ಕೆಲಸ ಕಳುಹಿಸುವುದು ಮಾತ್ರ. ಇಲ್ಲಿ ಬಿಡಿಸಿಕೊಳ್ಳುವ ತಲೆನೋವು ನಿಮ್ಮದು.

ಇನ್ನು ಕೆಲವರು ಹೇಳುವ ಉಪಾಯ, ಗಿಫ್ಟ್ ಎಂದು ಬರೆಸುವುದು. ಆ ಬಾಗಿಲು 2019ರ ಡಿಸೆಂಬರ್‌ನಲ್ಲೇ ಮುಚ್ಚಿತು. ಅಂಚೆ, ಕೊರಿಯರ್‌ನಲ್ಲಿ ಗಿಫ್ಟ್ ಹೆಸರಿನಲ್ಲಿ ಸುಂಕವಿಲ್ಲದೆ ತರಿಸಬಹುದಾದದ್ದು ರಾಖಿ ಮತ್ತು ಜೀವ ಉಳಿಸುವ ಔಷಧಿ ಮಾತ್ರ. ಬೆಲೆ ಕಡಿಮೆ ಬರೆಸುವುದಂತೂ ಬೇಡವೇ ಬೇಡ. ಟ್ರೆಕ್ ಎಂದು ಬ್ರ್ಯಾಂಡಿನ ಹೆಸರು ದೊಡ್ಡದಾಗಿ ಬರೆದಿರುವ ಫ್ರೇಮಿನ ಬೆಲೆ ಅಧಿಕಾರಿಯ ಫೋನಿನಲ್ಲೂ ಕಾಣುತ್ತದೆ, ಅಲ್ವಾ?

ಯಾರು ತರುತ್ತಾರೆ, ಯಾವಾಗ ತರುತ್ತಾರೆ

ಈ ವಿಷಯದಲ್ಲಿ ನಮ್ಮ ಕರಾವಳಿ ಪುಣ್ಯ ಮಾಡಿದೆ. ಗಲ್ಫ್‌ನಲ್ಲಿ ಒಬ್ಬ ಭಾವನೋ ಚಿಕ್ಕಪ್ಪನೋ ಇಲ್ಲದ ಮನೆ ಇಲ್ಲಿ ಕಡಿಮೆ. ದುಬೈ, ಅಬುಧಾಬಿಯಿಂದ ಬಜ್ಪೆಯ ಮಂಗಳೂರು ವಿಮಾನ ನಿಲ್ದಾಣಕ್ಕೆ ನೇರ ವಿಮಾನ ಇದೆ. ನೇರ ವಿಮಾನ ಎಂದರೆ ಸೈಕಲ್ ಪೆಟ್ಟಿಗೆಯನ್ನು ನಡುವೆ ಇನ್ನೊಂದು ಕಡೆ ಇಳಿಸಿ, ಎಸೆದು, ಹತ್ತಿಸುವ ಗೋಳು ಇಲ್ಲ. ಯುರೋಪ್ ಅಥವಾ ಅಮೆರಿಕದಲ್ಲಿ ಆಯ್ಕೆ ಜಾಸ್ತಿ, ನಿಜ. ಆದರೆ ಮೊದಲ ಸಲ ತರಿಸುವವರಿಗೆ ನಾನು ಗಲ್ಫನ್ನೇ ಹೇಳುತ್ತೇನೆ.

ಸೈಕಲ್ ಓಡಿಸಲು ಅಲ್ಲಿ ಜಾಗವೂ ಉಂಟು. ದುಬೈಯಲ್ಲಿ ಅಲ್ ಕುದ್ರಾ ಮರುಭೂಮಿಯ ಸೈಕಲ್ ಪಥ, ನಾದ್ ಅಲ್ ಶೆಬಾ. ಅಬುಧಾಬಿಯಲ್ಲಿ ಹುದೈರಿಯಾತ್ ದ್ವೀಪ, ಯಾಸ್ ಮರೀನಾ ಸರ್ಕ್ಯೂಟ್. ಅಲ್ಲಿ ಓಡಿದ ಸೈಕಲ್‌ಗಳು ಡುಬಿಜಲ್ ಜಾಲತಾಣದ ಜಾಹೀರಾತುಗಳಲ್ಲಿ ಮಾರಾಟಕ್ಕೆ ಬರುತ್ತವೆ. ಕೆಲಸ ಬಿಟ್ಟು ದೇಶ ಬಿಡುವವರು ಸಾಮಾನು ಖಾಲಿ ಮಾಡುವುದು ಶಾಲೆ ಮುಗಿಯುವ ಜೂನ್, ಜುಲೈ ಹೊತ್ತಿಗೆ. ಸೆಕೆಗೆ ಹೊರಗೆ ಓಡಿಸಲಾಗದ ಕಾಲವೂ ಅದೇ. ನಮ್ಮವರು ಮಕ್ಕಳನ್ನು ಕಟ್ಟಿಕೊಂಡು ಊರಿಗೆ ಬರುವ ಕಾಲವೂ ಅದೇ. ಕೊಳ್ಳಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಬಂದ ಸೈಕಲನ್ನು ಆಟಿ ಮಳೆ ಮುಗಿಯುವ ತನಕ ಹಾಲ್‌ನಲ್ಲಿ ನಿಲ್ಲಿಸಿ ನೋಡುತ್ತಾ ಕೂರಬೇಕು, ಅಷ್ಟೇ.

ತರುವವರ ಹತ್ತಿರ ಮೊದಲೇ ಸರಿಯಾಗಿ ಮಾತಾಡಿ. ಇದು ಸುಮ್ನೆ ಒಂದು ಪೊಟ್ಟಣ ತಂದುಕೊಟ್ಟ ಹಾಗಲ್ಲ. ಹೋಗಿ ನೋಡಬೇಕು, ದುಡ್ಡು ಕೊಡಬೇಕು, ಬಿಚ್ಚಿ ಪ್ಯಾಕ್ ಮಾಡಿಸಬೇಕು, ಕಸ್ಟಮ್ಸ್‌ನಲ್ಲಿ ನಿಲ್ಲಬೇಕು. ಅವರ ಸುಂಕರಹಿತ ಮಿತಿಯನ್ನು ನಿಮ್ಮ ಸೈಕಲ್ ತಿಂದುಹಾಕುತ್ತದೆ. ಹೆಂಡತಿ ಮಕ್ಕಳಿಗೆ ಏನೋ ತರಬೇಕು ಎಂದಿದ್ದವರಿಗೆ ಇದು ಸಣ್ಣ ವಿಷಯವಲ್ಲ. ಸುಂಕ, ಲಗೇಜಿನ ಹೆಚ್ಚುವರಿ ಹಣ, ಟ್ಯಾಕ್ಸಿ ಎಲ್ಲವೂ ನನ್ನದು ಎಂದು ಮೊದಲೇ ಹೇಳಿಬಿಡಿ.

ಎಂಥ ಸೈಕಲ್ ನಮ್ಮ ಊರಿಗೆ

ಸೈಜಿನಲ್ಲಿ ರಾಜಿ ಬೇಡ. ಬಣ್ಣ, ಬ್ರ್ಯಾಂಡ್, ಚಕ್ರ ಎಲ್ಲವನ್ನೂ ಬದಲಿಸಬಹುದು, ಫ್ರೇಮಿನ ಅಳತೆಯನ್ನು ಬದಲಿಸಲಾಗದು. 54, 56 ಎಂದು ಬರೆದ ಅಂಕಿ ಕಂಪನಿಯಿಂದ ಕಂಪನಿಗೆ ಬೇರೆ. ಈಗ ನಿಮ್ಮ ಮೈಗೆ ಹೊಂದುವ ಸೈಕಲ್ ಒಂದಿದ್ದರೆ ಅದರ ಸ್ಟ್ಯಾಕ್ ಮತ್ತು ರೀಚ್ ಅಳತೆ ಬರೆದಿಟ್ಟು, ಕೊಳ್ಳುವ ಮಾಡೆಲ್‌ನ ಚಾರ್ಟ್ ಜೊತೆ ಹೋಲಿಸಿ. ಸ್ಟ್ಯಾಕ್ ಎಂದರೆ ಪೆಡಲ್ ಗುಂಬದ (ಎರಡು ಪೆಡಲಿನ ತೋಳು ಸೇರುವ ಜಾಗದ) ನಡುವಿನಿಂದ ಹ್ಯಾಂಡಲ್ ಕೆಳಗಿನ ಹೆಡ್ ಟ್ಯೂಬಿನ ಮೇಲ್ತುದಿಗೆ ಇರುವ ಎತ್ತರ, ರೀಚ್ ಎಂದರೆ ಅದೇ ಎರಡು ಜಾಗಗಳ ನಡುವಿನ ಅಡ್ಡ ದೂರ. ಸೀಟಿನ ಎತ್ತರದ ಅಂದಾಜಿಗೆ ಕಾಲಿನ ಒಳ ಅಳತೆಯನ್ನು 0.883ರಿಂದ ಗುಣಿಸುವುದು ಹಳೆಯ ರೂಢಿ. ಗಲ್ಫ್‌ನಲ್ಲಿ ನಮ್ಮವರೂ ಫಿಲಿಪೀನ್ಸ್‌ನವರೂ ತುಂಬ ಇರುವುದರಿಂದ ಸಣ್ಣ ಸೈಜು ಸಿಗುವ ಸಂಭವ ಜಾಸ್ತಿ. ಡಚ್ಚರ ದೇಶದಲ್ಲಿ ಹುಡುಕಿದರೆ ಎಲ್ಲವೂ ಆನೆ ಸೈಜು.

ಗೇರಿನ ವಿಷಯ ಇನ್ನೂ ಮುಖ್ಯ. ದುಬೈ ಚಪ್ಪಟೆ. ಅಲ್ಲಿನ ಸೈಕಲ್‌ಗೆ ಮುಂದೆ ದೊಡ್ಡ ಹಲ್ಲು ಚಕ್ರ, ಹಿಂದೆ ಸಣ್ಣ ಕ್ಯಾಸೆಟ್ (ಹಲ್ಲು ಚಕ್ರಗಳ ಗುಂಪು) ಹಾಕಿ ಓಡಿಸುವವರಿದ್ದಾರೆ. ಅದನ್ನು ತಂದು ಸೋಮೇಶ್ವರದಿಂದ ಆಗುಂಬೆಯ 14 ತಿರುವು ಹತ್ತಲು ಹೋದರೆ ಮೊಣಕಾಲು ಮಾತಾಡುತ್ತದೆ. ಅಷ್ಟು ದೂರ ಯಾಕೆ, ಉಡುಪಿಯಿಂದ ಮಣಿಪಾಲಕ್ಕೆ ಹತ್ತಿ ನೋಡಿ. ಮುಂದೆ ಸಣ್ಣ ಚಕ್ರ 34 ಹಲ್ಲು, ಹಿಂದೆ ದೊಡ್ಡದು 32 ಅಥವಾ 34 ಇರಲಿ. ಹಿಂದಿನ ಚೈನನ್ನು ಒಂದು ಹಲ್ಲು ಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ ಡಿರೈಲರ್, ಅದರಿಂದ ಕೆಳಗೆ ಇಳಿದು ಚೈನ್ ಹಿಡಿಯುವ ತೋಳು ಕೇಜು. ಶಿಮಾನೊ ಕಂಪನಿಯ 105 ಗೇರ್ ಸೆಟ್ಟಿನ ಆರ್7000 ಮಾದರಿಯಲ್ಲಿ ಗಿಡ್ಡ ಕೇಜಿನ ಹಿಂದಿನ ಡಿರೈಲರ್ 30 ಹಲ್ಲಿನ ತನಕ ಮಾತ್ರ, ಉದ್ದ ಕೇಜಿನದು 34ರ ತನಕ ಹೋಗುತ್ತದೆ. ಕ್ಯಾಸೆಟ್ ಬದಲಿಸಿದರೆ ಆಯಿತು ಎಂದುಕೊಳ್ಳುವ ಮೊದಲು ಕೇಜು ಯಾವುದೆಂದು ಕೇಳಿ.

ಟಯರಿಗೆ ಜಾಗ ಎಷ್ಟಿದೆ ನೋಡಿ. 23 ಮಿಲಿಮೀಟರ್ ಟಯರಿಗೆ ಮಾತ್ರ ಜಾಗ ಇರುವ ಹಳೆಯ ರೇಸ್ ಫ್ರೇಮು ನಮ್ಮ ಒಳರಸ್ತೆಗಳಿಗಲ್ಲ. ಕನಿಷ್ಠ 28, ಸಾಧ್ಯವಾದರೆ 32.

ಬ್ರೇಕಿನಲ್ಲಿ ನನ್ನದು ಖಡಾಖಂಡಿತ ಅಭಿಪ್ರಾಯ. ಚಕ್ರದ ಅಂಚನ್ನೇ ಒತ್ತಿ ಹಿಡಿಯುವ ರಿಮ್ ಬ್ರೇಕಿನ ಚಂದದ ಸೈಕಲ್‌ಗಳು ಈಗ ನೀರಿನ ಬೆಲೆಗೆ ಸಿಗುತ್ತವೆ, ಯಾಕೆಂದರೆ ಲೋಕ ಡಿಸ್ಕ್‌ಗೆ ಹೋಯಿತು. ಆಸೆ ಆಗುತ್ತದೆ. ಆದರೆ ಮಳೆಯಲ್ಲಿ ಕಾರ್ಬನ್ ರಿಮ್ ಮೇಲೆ ಆ ಬ್ರೇಕು ಸರಿಯಾಗಿ ಹಿಡಿಯುವುದಿಲ್ಲ. ಅಲ್ಯೂಮಿನಿಯಂ ರಿಮ್ಮಾದರೆ ನಮ್ಮ ಕೆಂಪು ಮಣ್ಣಿನ ಕೆಸರು ಮರಳು ಕಾಗದದ ಕೆಲಸ ಮಾಡಿ ಅದನ್ನು ಸವೆಸುತ್ತದೆ. ಡಿಸ್ಕ್ ಬ್ರೇಕೇ ಇರಲಿ. ಶಿಮಾನೊದ್ದಕ್ಕೆ ಮಿನರಲ್ ಆಯಿಲ್, ಸ್ರಾಮ್ ಕಂಪನಿಯ ರೋಡ್ ಬ್ರೇಕಿಗೆ ಡಾಟ್ ಫ್ಲೂಯಿಡ್. ಒಂದರದ್ದು ಇನ್ನೊಂದಕ್ಕೆ ಹಾಕಿದರೆ ಸೀಲು ಹಾಳು. ಇನ್ನೊಂದು ಮಾತು: ಯುರೋಪ್, ಅಮೆರಿಕದ ಹೆಚ್ಚಿನ ಸೈಕಲ್‌ಗಳಲ್ಲಿ ಎಡಗೈ ಲಿವರ್ ಮುಂದಿನ ಚಕ್ರ ಹಿಡಿಯುತ್ತದೆ, ನಮ್ಮಲ್ಲಿ ಬಲಗೈ. ಅಭ್ಯಾಸವಿಲ್ಲದೆ ಎಡಗೈ ಜೋರಾಗಿ ಒತ್ತಿದರೆ ತಲೆಕೆಳಗಾಗುವುದು ಖಂಡಿತ. ಹೈಡ್ರಾಲಿಕ್ ಆದರೆ ಅದಲು ಬದಲು ಮಾಡಲು ಪೈಪು ಬಿಚ್ಚಿ ಗಾಳಿ ತೆಗೆಯುವ ಕೆಲಸ ಉಂಟು.

ಎಲೆಕ್ಟ್ರಾನಿಕ್ ಗೇರ್ ಬೇಕಾ? ಚೆನ್ನಾಗಿದೆ, ಆದರೆ ಒಂದು ವಯರು ಕೆಟ್ಟರೂ ಬಿಡಿಭಾಗ ಬರುವ ತನಕ ಕಾಯಬೇಕು. ಮೊದಲ ಸೈಕಲ್‌ಗೆ ಕೇಬಲ್ ಗೇರು, ಹೈಡ್ರಾಲಿಕ್ ಡಿಸ್ಕು, ಶಿಮಾನೊದ 11 ಸ್ಪೀಡಿನ 105 ಅಥವಾ ಅಲ್ಟೆಗ್ರಾ ಸಾಕು. ಆ ಫ್ರೇಮಿಗೆ ಮಾತ್ರ ಹೊಂದುವ ವಿಚಿತ್ರ ಆಕಾರದ ಸೀಟ್ ಪೋಸ್ಟು, ಸ್ಟೆಮ್ಮಿನ (ಹ್ಯಾಂಡಲನ್ನು ಹಿಡಿಯುವ ತುಂಡಿನ) ಜೊತೆ ಒಂದೇ ಅಚ್ಚಿನಲ್ಲಿ ಬಂದ ಹ್ಯಾಂಡಲ್ ಇವೆಲ್ಲ ನೋಡಲು ಚಂದ, ಒಡೆದರೆ ಅಷ್ಟೇ ಕಷ್ಟ.

ಜಾಹೀರಾತು ಓದುವಾಗ

ಮಾಡೆಲ್ ವರ್ಷವನ್ನು ಮಾರುವವನ ಬಾಯಿಂದ ನಂಬಬೇಡಿ. ಗೇರಿನ ತಲೆಮಾರು ಸತ್ಯ ಹೇಳುತ್ತದೆ. ಅಲ್ಟೆಗ್ರಾ ಆರ್8000 ಬಂದದ್ದು 2017ರಲ್ಲಿ. ಶಿಮಾನೊದ 12 ಸ್ಪೀಡಿನ ಡ್ಯೂರಾ-ಏಸ್ ಮತ್ತು ಅಲ್ಟೆಗ್ರಾ ಬಂದದ್ದು 2021ರಲ್ಲಿ. ಫ್ರೇಮಿನ ಕೆಳಗೆ, ಪೆಡಲ್ ಗುಂಬದ ಹತ್ತಿರ ಇರುವ ಸೀರಿಯಲ್ ನಂಬರಿನ ಫೋಟೋ ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ ಅಲ್ಲಿಗೇ ಬಿಡಿ. ನಂಬರ್ ಸಿಕ್ಕಿದ ಮೇಲೆ ಬೈಕ್ ಇಂಡೆಕ್ಸ್ ಜಾಲತಾಣದಲ್ಲಿ, ಬ್ರಿಟನ್ನಿನದಾದರೆ ಬೈಕ್ ರಿಜಿಸ್ಟರ್‌ನಲ್ಲಿ ಹಾಕಿ ಕಳುವಿನ ಮಾಲೇ ಎಂದು ನೋಡಿ. ಪಟ್ಟಿಯಲ್ಲಿ ಇಲ್ಲ ಎಂದರೆ ಕದ್ದದ್ದಲ್ಲ ಎಂದು ಅರ್ಥವಲ್ಲ. ಹಾಗಾಗಿ ಮೂಲ ಬಿಲ್ಲನ್ನೂ ಕೇಳಿ. ಫ್ರೇಮಿಗೆ ಜೀವಮಾನದ ವಾರಂಟಿ ಎಂದು ಬರೆದಿದ್ದರೆ ಅದಕ್ಕೆ ಬೆಲೆ ಕಟ್ಟಬೇಡಿ, ಸಾಮಾನ್ಯವಾಗಿ ಅದು ಮೊದಲ ಮಾಲೀಕನಿಗೆ ಮಾತ್ರ.

ಕ್ರ್ಯಾಂಕಿನ, ಅಂದರೆ ಪೆಡಲ್ ಹಿಡಿದಿರುವ ತೋಳಿನ ಸಂಗತಿ ಗೊತ್ತಿರಲೇಬೇಕು. 2012ರ ಜೂನ್‌ನಿಂದ 2019ರ ಜೂನ್ ಒಳಗೆ ತಯಾರಾದ ಶಿಮಾನೊ 11 ಸ್ಪೀಡಿನ ಅಲ್ಟೆಗ್ರಾ, ಡ್ಯೂರಾ-ಏಸ್ ಕ್ರ್ಯಾಂಕುಗಳನ್ನು ಕಂಪನಿಯೇ 2023ರ ಸೆಪ್ಟೆಂಬರ್‌ನಲ್ಲಿ ತಪಾಸಣೆಗೆ ಕರೆಯಿತು. ಅಂಟಿಸಿದ ಎರಡು ಭಾಗ ಬೇರೆಯಾಗಿ ಕ್ರ್ಯಾಂಕು ಮುರಿಯಬಹುದು ಎಂಬುದು ಕಾರಣ. ಮಾಡೆಲ್‌ಗಳು ಎಫ್‌ಸಿ-6800, ಎಫ್‌ಸಿ-9000, ಎಫ್‌ಸಿ-ಆರ್8000, ಎಫ್‌ಸಿ-ಆರ್9100 ಮತ್ತು ಪವರ್ ಮೀಟರ್ ಇರುವ ಆರ್9100ಪಿ. ಕ್ರ್ಯಾಂಕಿನ ಹಿಂಬದಿ ಎರಡು ಅಕ್ಷರದ ಕೋಡ್ ಇರುತ್ತದೆ. ಅದು ಕೆಎಫ್‌ನಿಂದ ಆರ್‌ಎಫ್ ನಡುವೆ ಬಂದರೆ ತಪಾಸಣೆ ಆಗಿದೆಯಾ, ಬದಲಿಸಿ ಕೊಟ್ಟಿದ್ದಾರಾ ಕೇಳಿ. ಆಗಿಲ್ಲ ಎಂದಾದರೆ ಮಾರುವವನೇ ಅಲ್ಲಿನ ಡೀಲರ್ ಹತ್ತಿರ ಮಾಡಿಸಿಕೊಡಲಿ. ಚೌಕಾಶಿಗೂ ಇದು ಒಳ್ಳೆಯ ದಾರಿ.

ಭಾವ ನೋಡಲು ಹೋದಾಗ

ನೋಡಲು ಹೋಗುವವರಿಗೆ ಸೈಕಲ್ ವಿಷಯ ಗೊತ್ತಿಲ್ಲದಿರಬಹುದು. ಹಾಗಾಗಿ "ಚೆನ್ನಾಗಿದೆಯಾ ನೋಡಿ" ಎಂದು ಬಿಡಬೇಡಿ, ಏನೇನು ನೋಡಬೇಕೆಂದು ಬರೆದು ಕಳುಹಿಸಿ. ಉದಾಹರಣೆಗೆ ಹೀಗೆ:

"ಭಾವ, ಹಗಲು ಹೊತ್ತು ಬಿಸಿಲಿನಲ್ಲಿ ನೋಡಿ, ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಬೇಡ. ಒಂದು ಹಳೆ ಬಟ್ಟೆ ತೆಗೆದುಕೊಂಡು ಹೋಗಿ, ಫ್ರೇಮನ್ನು ಒರೆಸಿಯೇ ನೋಡಿ. ಸೈಕಲನ್ನು ತಲೆಕೆಳಗೆ ಮಾಡಿ ಅಡಿ ಭಾಗದ ಫೋಟೋ ತೆಗೆಯಿರಿ. ಆಮೇಲೆ ನನಗೆ ವೀಡಿಯೋ ಕಾಲ್ ಮಾಡಿ."

ವೀಡಿಯೋ ಕಾಲ್‌ನಲ್ಲಿ ನೀವು ನೋಡಬೇಕಾದ ಜಾಗಗಳು ಇವು. ಮುಂದಿನ ಫೋರ್ಕು ಫ್ರೇಮಿಗೆ ಸೇರುವಲ್ಲಿ, ಹೆಡ್ ಟ್ಯೂಬಿನ ಹಿಂದೆ, ಪೆಡಲ್ ಗುಂಬದ ಸುತ್ತ, ಹಿಂದಿನ ಚಕ್ರದ ಎರಡೂ ಬದಿಯ ತೆಳು ಕೊಳವೆಗಳು, ಸೀಟ್ ಪೋಸ್ಟು ಹಿಡಿಯುವ ಜಾಗ. ಕೂದಲಿನಂಥ ಗೆರೆ ಕಂಡರೆ ಉಗುರಿನಿಂದ ಗೀರಲು ಹೇಳಿ. ಉಗುರು ಸಿಕ್ಕಿಕೊಂಡರೆ ಅನುಮಾನ. ಮೇಲಿನ ಕೊಳವೆಯಲ್ಲಿ ಎದುರುಬದುರು ಎರಡು ತಗ್ಗು ಕಂಡರೆ ಯಾರೋ ಅದನ್ನು ಸ್ಟ್ಯಾಂಡಿನಲ್ಲಿ ಬಿಗಿದು ನಜ್ಜುಗುಜ್ಜು ಮಾಡಿದ್ದಾರೆ. ಒಂದು ಕಡೆ ಮಾತ್ರ ಬಣ್ಣದ ಹೊಳಪು ಬೇರೆ ಇದ್ದರೆ ರಿಪೇರಿ ಆಗಿರಬಹುದು. ತೆಂಗಿನಕಾಯಿ ಬಡಿದು ನೋಡುವ ಹಾಗೆ ನಾಣ್ಯದಿಂದ ಬಡಿದು ಸದ್ದು ಕೇಳುವವರಿದ್ದಾರೆ. ಗಟ್ಟಿ ಸದ್ದಿನ ನಡುವೆ ಒಂದೆಡೆ ಮಂಕಾದರೆ ಸಂಶಯ ಪಡಬಹುದು. ಸದ್ದು ಸರಿ ಇದೆ ಎಂದು ಮಾತ್ರ ನಿಶ್ಚಿಂತೆ ಪಡಬೇಡಿ, ಒಳಗಿನ ಬಿರುಕು ಹಾಗೆ ಸಿಗುವುದಿಲ್ಲ.

ಗಲ್ಫ್ ಸೈಕಲ್‌ಗೆ ಅದರದ್ದೇ ಕಾಯಿಲೆಗಳಿವೆ. ಮೊದಲನೆಯದು ಮರಳು. ಹ್ಯಾಂಡಲ್, ಚಕ್ರ, ಪೆಡಲ್ ತಿರುಗಿಸುವಾಗ ಕರಕರ ಎಂದರೆ ಬೇರಿಂಗಿಗೆ ಮರಳು ಹೋಗಿದೆ. ಎರಡನೆಯದು ಬೆವರು. ಬೇಸಿಗೆಯಲ್ಲಿ ಅಲ್ಲಿನವರು ಸೈಕಲನ್ನು ಟ್ರೈನರ್ ಎಂಬ ಸ್ಟ್ಯಾಂಡಿಗೆ ಸಿಕ್ಕಿಸಿ ಮನೆಯೊಳಗೆ ತುಳಿಯುತ್ತಾರೆ. ಬೆವರಿನ ಉಪ್ಪು ನೇರ ಹ್ಯಾಂಡಲ್ ತಿರುಗುವ ಬುಡದ ಹೆಡ್‌ಸೆಟ್ ಬೋಲ್ಟಿಗೆ, ಹ್ಯಾಂಡಲ್ ಟೇಪಿನ ಒಳಗೆ ಇಳಿಯುತ್ತದೆ. ಕಿಲೋಮೀಟರ್ ಕಡಿಮೆ ಓಡಿದ ಸೈಕಲ್ ಎಂದು ಮಾರುವುದರಲ್ಲಿ ಇಂಥದ್ದೂ ಇರುತ್ತದೆ. ಬೋಲ್ಟಿನ ತಲೆ ತುಕ್ಕು ಹಿಡಿದಿದೆಯಾ, ಟೇಪಿನ ತುದಿ ಬಿಚ್ಚಿದರೆ ಬಿಳಿ ಪುಡಿ ಇದೆಯಾ ನೋಡಲು ಹೇಳಿ. ಸೀಟ್ ಪೋಸ್ಟ್ ಬೋಲ್ಟು ಸಡಿಲಿಸಿ ಮೇಲೆ ಕೆಳಗೆ ಎಳೆಯಲೇಬೇಕು. ಕಾರ್ಬನ್ನಿಗೆ ಅಲ್ಯೂಮಿನಿಯಂ ತಾಗಿ ಉಪ್ಪು ಸೇರಿದರೆ ಅಲ್ಯೂಮಿನಿಯಂ ಕೊರೆದು ಒಳಗೇ ಕಚ್ಚಿಕೊಳ್ಳುತ್ತದೆ. ಅಲುಗದ ಪೋಸ್ಟಿನ ಫ್ರೇಮು ಬೇಡ.

ಸವೆಯುವ ಭಾಗಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಬೆಲೆ ಇಳಿಸಿಕೊಂಡರೆ ಸಾಕು. ಚೈನಿನ ಒಂದು ಪಿನ್ನಿನಿಂದ ಅದರ ಮುಂದಿನ 24ನೇ ಪಿನ್ನಿಗೆ ಅಂತರ ಹೊಸದರಲ್ಲಿ ಸರಿಯಾಗಿ 12 ಇಂಚು. ಅದಕ್ಕಿಂತ ಇಂಚಿನ ಹದಿನಾರನೇ ಒಂದು ಭಾಗ ಜಾಸ್ತಿ ಬಂದರೆ 11, 12 ಸ್ಪೀಡಿನ ಚೈನ್ ಬದಲಿಸುವ ಹೊತ್ತಾಯಿತು. ಶಿಮಾನೊ ಡಿಸ್ಕ್ ರೋಟರ್ ಹೊಸದರಲ್ಲಿ 1.8 ಮಿಲಿಮೀಟರ್, 1.5ಕ್ಕೆ ಇಳಿದರೆ ಬದಲಿಸಬೇಕು.

ದುಡ್ಡು

ವಸ್ತು ಕೈಗೆ ಬಂದ ಮೇಲೆ ದುಡ್ಡು. ಮುಂಗಡ ಕೇಳುವವರನ್ನು ದೂರದಿಂದಲೇ ಕೈಮುಗಿದು ಬಿಡಿ. ದೂರದ ಊರಿನ ಮಾರಾಟಗಾರನಿಗೆ ಪೇಪಾಲ್‌ನಲ್ಲಿ ಕೊಡುವುದಾದರೆ ಸರಕು ಖರೀದಿಯ ಬಗೆಯಲ್ಲೇ ಕೊಡಿ. ಸ್ನೇಹಿತರಿಗೆ ಕಳುಹಿಸುವ ಬಗೆಯಲ್ಲಿ ಕೊಟ್ಟರೆ ಖರೀದಿಯ ರಕ್ಷಣೆ ಸಿಗುವುದಿಲ್ಲ.

ಮಾರುವವನಿಂದ ಒಂದು ಹಾಳೆ ಬರೆಸಿಕೊಳ್ಳಿ: ಮಾಡೆಲ್, ಸೀರಿಯಲ್ ನಂಬರ್, ಬೆಲೆ, ತಾರೀಕು, ಬಳಸಿದ ಸೈಕಲ್ ಎಂಬ ಮಾತು, ಸಹಿ. ಬ್ಯಾಂಕಿನಿಂದ ಹಣ ಹೋದ ದಾಖಲೆಯೂ ಇರಲಿ. ಈ ಹಾಳೆ ಇಲ್ಲದಿದ್ದರೆ ಕಸ್ಟಮ್ಸ್‌ನಲ್ಲಿ ಬೆಲೆ ಕಟ್ಟುವಾಗ ಹೊಸ ಸೈಕಲಿನ ದರದ ಮೇಲೆ ಮಾತು ಶುರುವಾಗುತ್ತದೆ.

ಸುಂಕದ ಲೆಕ್ಕ ಹೀಗೆ. 2026ರ ಫೆಬ್ರವರಿ ಆರಂಭದ ತನಕ ಇದ್ದ 2016ರ ಬ್ಯಾಗೇಜ್ ನಿಯಮದಲ್ಲಿ ಗಲ್ಫ್‌ನಿಂದ ಬರುವ ಭಾರತೀಯನಿಗೆ 50,000 ರೂಪಾಯಿ ತನಕ ಸುಂಕ ಇರಲಿಲ್ಲ. ಮೇಲಿನದಕ್ಕೆ 35 ಶೇಕಡಾ, ಸರ್‌ಚಾರ್ಜ್ ಸೇರಿ 38.5 ಇತ್ತು. ಈ ಮಿತಿ, ದರ ಎರಡೂ ಪರಿಷ್ಕರಣೆ ಆಗುತ್ತವೆ, ಟಿಕೆಟ್ ಮಾಡುವ ವಾರ ಕಸ್ಟಮ್ಸ್ ಜಾಲತಾಣದಲ್ಲಿ ನೋಡಿಕೊಳ್ಳಿ. ಲೆಕ್ಕದ ಬಗೆ ತಿಳಿಯಲು ಆ ಹಳೆಯ ಮಿತಿ, ದರವನ್ನೇ ಹಿಡಿಯುವ: 6,000 ದಿರ್ಹಮಿನ ಸೈಕಲ್, ದಿರ್ಹಮಿಗೆ 23 ರೂಪಾಯಿ ಎಂದು ಹಿಡಿದರೆ 1,38,000 ರೂಪಾಯಿ. ಅದರಲ್ಲಿ 50,000 ಕಳೆದರೆ 88,000. ಸುಂಕ 33,880. ತರುವವರು ಬೇರೇನೂ ತಂದಿಲ್ಲ ಎಂದಾದರೆ ಮಾತ್ರ ಈ ಲೆಕ್ಕ. ಇಬ್ಬರ ಮಿತಿಯನ್ನು ಒಂದು ಸೈಕಲ್‌ಗೆ ಸೇರಿಸಲು ಆಗುವುದಿಲ್ಲ. ಎರಡು ವರ್ಷಕ್ಕಿಂತ ಹೆಚ್ಚು ಹೊರಗಿದ್ದು ಪೂರ್ತಿ ಊರಿಗೆ ವಾಪಸ್ ಬರುವವರಿಗೆ ಬೇರೆಯೇ ರಿಯಾಯಿತಿ ಉಂಟು, ಅಂಥವರು ಸಿಕ್ಕಿದರೆ ನಿಮ್ಮ ಅದೃಷ್ಟ. ಆದರೆ ಅದು ಅವರ ಮನೆಸಾಮಾನಿಗೆ ಕೊಟ್ಟ ಸವಲತ್ತು, ಅವರದ್ದೇ ಹಳೆ ಸೈಕಲ್ ಕೊಳ್ಳುವುದಾದರೆ ಸರಿ.

ಎಲ್ಲ ಸೇರಿಸಿದ ಮೊತ್ತ ಭಾರತದಲ್ಲಿ ಸಿಗುವ ಅದೇ ದರ್ಜೆಯ ಹೊಸ ಸೈಕಲಿನ ಮೂರನೇ ಎರಡು ಭಾಗ ದಾಟಿದರೆ ನಾನಾದರೆ ಕೈಬಿಡುತ್ತೇನೆ. ಹೊಸದಕ್ಕೆ ವಾರಂಟಿ ಇರುತ್ತದೆ, ಬೆಂಗಳೂರಿನಲ್ಲಿ ಹಳೆಯದ್ದೂ ಸಿಗುತ್ತದೆ.

ಪ್ಯಾಕಿಂಗ್

ಅಲ್ಲಿನ ಸೈಕಲ್ ಅಂಗಡಿಯಲ್ಲೇ ಮಾಡಿಸಿ. ಹೊಸ ಸೈಕಲ್ ಬಂದ ಖಾಲಿ ರಟ್ಟಿನ ಪೆಟ್ಟಿಗೆ ಅವರ ಹತ್ತಿರ ಇರುತ್ತದೆ. ಸೀಟಿನ ಎತ್ತರಕ್ಕೆ ಟೇಪ್ ಗುರುತು ಹಾಕಿಸಿ. ಹಿಂದಿನ ಡಿರೈಲರ್ ಬಿಚ್ಚಿ ಬಬಲ್ ಕವರಿನಲ್ಲಿ ಸುತ್ತಿ ಫ್ರೇಮಿನ ಒಳಬದಿಗೆ ಕಟ್ಟಬೇಕು. ಅದು ಬಾಗುವುದೇ ಹೆಚ್ಚು. ಡಿಸ್ಕ್ ಪ್ಯಾಡುಗಳ ನಡುವೆ ಪ್ಲಾಸ್ಟಿಕ್ ತುಂಡು ಸಿಕ್ಕಿಸಿ. ಚಕ್ರ ತೆಗೆದ ಫೋರ್ಕಿನ ಎರಡು ಕಾಲುಗಳ ನಡುವೆಯೂ ಒಂದು ಆಧಾರ ಬೇಕು. ಎಡ ಪೆಡಲು ಬಿಚ್ಚುವುದು ಉಲ್ಟಾ ದಿಕ್ಕಿಗೆ, ಜೋರು ಹಾಕಿ ಇನ್ನಷ್ಟು ಬಿಗಿ ಮಾಡಿಬಿಡಬೇಡಿ.

ಆ ಫ್ರೇಮಿಗೆ ಡಿರೈಲರನ್ನು ಸೇರಿಸುವ ಡಿರೈಲರ್ ಹ್ಯಾಂಗರ್ ಒಂದು ಹೊಸದು ಕೊಂಡು ಪೆಟ್ಟಿಗೆಯೊಳಗೆ ಹಾಕಿಸಿ. ಸಣ್ಣ ತುಂಡು, ಆದರೆ ಪ್ರತಿ ಫ್ರೇಮಿಗೂ ಬೇರೆ, ಇಲ್ಲಿ ಹುಡುಕಿದರೆ ಸಿಗುವುದು ಕಷ್ಟ. ಎಲೆಕ್ಟ್ರಾನಿಕ್ ಗೇರಾದರೆ ಚಾರ್ಜರ್ ಮರೆಯಬೇಡಿ. ಬಿಡಿ ಬ್ಯಾಟರಿ ಕೈಚೀಲದಲ್ಲಿ ಹೋಗಬೇಕು, ಪೆಟ್ಟಿಗೆಯಲ್ಲಲ್ಲ. ಪೆಟ್ಟಿಗೆಯ ತೂಕ 32 ಕಿಲೋ ಮೀರಬಾರದು. ಸೈಕಲ್ ಒಂದೇ ಆದರೆ ಅದರ ಹತ್ತಿರವೂ ಬರುವುದಿಲ್ಲ, ಆದರೆ ಜಾಗ ಇದೆ ಎಂದು ಖರ್ಜೂರ, ಟ್ಯಾಂಗ್ ತುಂಬಿದರೆ ಫ್ರೇಮಿಗೆ ಪೆಟ್ಟು. ಏರ್‌ಲೈನ್‌ಗೆ ಮೊದಲೇ ಹೇಳಿ ಕ್ರೀಡಾ ಸಾಮಗ್ರಿ ಎಂದು ಬುಕ್ ಮಾಡಿಸಿ.

ಬಜ್ಪೆಯಲ್ಲಿ

ಅಷ್ಟು ದೊಡ್ಡ ಪೆಟ್ಟಿಗೆ ಹಿಡಿದು ಹಸಿರು ಚಾನೆಲ್‌ನಲ್ಲಿ ನಡೆದುಬರುವ ಸಾಹಸ ಬೇಡ. ಕೆಂಪು ಚಾನೆಲ್‌ಗೆ ಹೋಗಿ ಹೇಳಿಕೊಳ್ಳುವುದೇ ಸುಲಭ. ಹಾಳೆ ತೋರಿಸಿ, ಸುಂಕ ಕಟ್ಟಿ, ರಸೀದಿ ತೆಗೆದುಕೊಳ್ಳಿ. ಹೊರಬರುವ ಮೊದಲು ಪೆಟ್ಟಿಗೆ ಹರಿದಿದೆಯಾ, ತೂತಾಗಿದೆಯಾ ನೋಡಿ. ಹಾನಿ ಆಗಿದ್ದರೆ ಏರ್‌ಲೈನ್ ಕೌಂಟರ್‌ನಲ್ಲಿ ಅಲ್ಲೇ ಬರೆಸಬೇಕು, ಮನೆಗೆ ಹೋಗಿ ಫೋನ್ ಮಾಡಿದರೆ ಕೇಳುವವರಿಲ್ಲ. ಕರೆತರಲು ಸೀಟು ಮಡಚುವ ಕಾರು ತೆಗೆದುಕೊಂಡು ಹೋಗಿ, ರಿಕ್ಷಾಕ್ಕೆ ಅದು ಹಿಡಿಯುವುದಿಲ್ಲ.

ಮನೆಗೆ ಬಂದ ಮೇಲೆ

ಓಡಿಸುವ ಆತುರ ಬೇಡ. ಎಲ್ಲ ಬೇರಿಂಗ್ ಬಿಚ್ಚಿ, ಮರಳು ತೊಳೆದು, ಹೊಸ ಗ್ರೀಸ್ ಹಾಕಿಸಿ. ಬ್ರೇಕ್ ಎಣ್ಣೆ, ಟ್ಯೂಬ್‌ಲೆಸ್ ಆದರೆ ಸೀಲೆಂಟ್ (ಟಯರಿನ ತೂತು ಮುಚ್ಚುವ ದ್ರವ) ಬದಲಿಸಿ, ಅಲ್ಲಿನ ಸೆಕೆಗೆ ಸೀಲೆಂಟ್ ಒಣಗಿರುತ್ತದೆ. ಕಾರ್ಬನ್ ಇರುವಲ್ಲೆಲ್ಲ ಬಿಗಿಯ ಅಳತೆ ತೋರಿಸುವ ಟಾರ್ಕ್ ಕೀ ಬಳಸಿ. ಸ್ಟೆಮ್ ಬೋಲ್ಟಿಗೆ ಸಾಮಾನ್ಯವಾಗಿ 5 ನ್ಯೂಟನ್ ಮೀಟರ್, ಸರಿಯಾದ ಅಂಕಿ ಅದರ ಮೇಲೆಯೇ ಬರೆದಿರುತ್ತದೆ. "ಇನ್ನೊಂದು ಸುತ್ತು ಬಿಗಿ ಮಾಡುವ" ಎಂಬ ಮೆಕ್ಯಾನಿಕ್ ಕೈಗೆ ಕೊಡಬೇಡಿ.

ಪಣಂಬೂರು, ಮಲ್ಪೆ ಕಡೆ ಓಡಿಸಿ ಬಂದ ದಿನ ಸಿಹಿನೀರಿನಲ್ಲಿ ಒರೆಸಿ. ಸೀಟ್ ಪೋಸ್ಟನ್ನು ಎರಡು ಮೂರು ತಿಂಗಳಿಗೊಮ್ಮೆ ಎಳೆದು, ಕಾರ್ಬನ್ ಪೇಸ್ಟ್ ಹಚ್ಚಿ ಮತ್ತೆ ಹಾಕಿ. ಮಾರುವವನು ಬರೆದ ಹಾಳೆ, ಸುಂಕದ ರಸೀದಿ, ಸೀರಿಯಲ್ ನಂಬರಿನ ಫೋಟೋ ಮೂರನ್ನೂ ಒಂದೇ ಕಡೆ ಇಟ್ಟುಕೊಳ್ಳಿ. ಮುಂದೆ ನೀವು ಮಾರುವಾಗ ಕೊಳ್ಳುವವನು ಮೊದಲು ಕೇಳುವುದು ಅದನ್ನೇ.